ಮೊದಲ ದಿನದ ನಡಿಗೆ

೨೦೧೪ನೇ ಇಸವಿ ನವೆಂಬರ್ ೧೧, ಮಂಗಳವಾರ, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಸುಗಲಮ್ಮ ಭೀಮರಾಯನಗುಡಿ ಕ್ಯಾಂಪಿನ ಹಿಂದಿನ ಸೇತುವೆಯ ಮೆಟ್ಟಿಲು ಹತ್ತಿ ಕಾಲುವೆಯ ದಂಡೆಗೆ ಬಂದಳು. ಬಂದವಳೇ ಕೈಗಡಿಯಾರ ನೋಡಿಕೊಂಡಳು. ಅವಳ ಹಿಂದೆ ನೆಗೆಣ್ಣಿ ಮಲ್ಲಿಕಮ್ಮ, ಅವಳ ಗಂಡನ ಅಣ್ಣನ ಹೆಂಡತಿ, ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಒಂದೊಂದೇ ಮೆಟ್ಟಿಲು ಏರುತ್ತಿದ್ದಳು.

"ಯವ್ವಾ, ಸೊಲ್ಪ ತಡಿ. ಮಣಕಾಲು ಕಟಿಗಿ ಆಗ್ಯಾವ."

"ಬರ್ರಿ ಅಕ್ಕಾರ. ಮುಂಜಾನಿ ಬಿಗಿ ಇರ್ತಾವ, ನಡದಂಗೆಲ್ಲ ಸಡಲ ಆಗ್ತಾವ."

ಈ ಮಾತು ಸುಳ್ಳಲ್ಲ. ಈ ದಿನ ತಾನು ಆಡುವ ಯಾವ ಮಾತೂ ಸುಳ್ಳಾಗಿರಬಾರದೆಂದು ಸುಗಲಮ್ಮ ಮೊದಲೇ ನಿಶ್ಚಯಿಸಿಕೊಂಡಿದ್ದಳು. ಸುಳ್ಳಿನ ಅಗತ್ಯವೂ ಇರಲಿಲ್ಲ. ಒಂದು ಮಾತನ್ನು ಹೇಳದೆ ಬಿಟ್ಟರೆ ಸಾಕಿತ್ತು: ಈ ಬೇನೆಯವರು ಮೊದಲ ದಿನ ಐದು ನಿಮಿಷಕ್ಕಿಂತ ಹೆಚ್ಚು ನಡೆಯಬಾರದು.

ದಂಡೆಯ ಮೇಲೆ ಕೆಂಪು ಮೊರಂ ಮಣ್ಣಿನ ರಸ್ತೆ ನೇರವಾಗಿ ಹೋಗಿತ್ತು. ಇನ್ನೂರು ಮೀಟರಿಗೊಂದು ಬಿಳಿ ಕಲ್ಲು. ಬಲಗಡೆ ಕಾಲುವೆ ಅಂಚಿನವರೆಗೆ ತುಂಬಿ ಹರಿಯುತ್ತಿತ್ತು. ಎಡಗಡೆ ಕೆಳಗೆ ಕೊಯ್ಲಿಗೆ ಬಂದ ಭತ್ತ, ಅದರಾಚೆ ಬಳ್ಳಾರಿ ಜಾಲಿ. ಸುಗಲಮ್ಮ ನಾಲ್ಕು ವರ್ಷದಿಂದ ದಿನವೂ ಈ ರಸ್ತೆಯಲ್ಲಿ ನಡೆಯುತ್ತಿದ್ದಳು. ಅವಳ ಮಿತಿ ಎಂಟನೆಯ ಕಲ್ಲು, ಹೋಗುತ್ತ ಒಂದು ಕಿಲೋಮೀಟರ್ ಆರುನೂರು ಮೀಟರ್, ಬರುತ್ತ ಅಷ್ಟೇ. ಆ ಮಿತಿಗೆ ಬಂದು ಮುಟ್ಟಲು ಮೂರು ವರ್ಷ ಹಿಡಿದಿತ್ತು. ಇವತ್ತು ಅವಳ ಲೆಕ್ಕದಲ್ಲಿದ್ದದ್ದು ಹದಿನೈದನೆಯ ಕಲ್ಲು.

"ಹೊಲಕ್ಕ ಹೋಗಾಕ ನಡಿಯೋದು ಗೊತ್ತದ," ಎಂದಳು ಮಲ್ಲಿಕಮ್ಮ ಏದುಸಿರು ಬಿಡುತ್ತ. "ಸುಮ್ನ ನಡಿಯೋದಂದ್ರೇನವ್ವ? ನಮ್ಮೂರಾಗ ಹಿಂಗ ಹೊಂಟ್ರ ಎಮ್ಮಿ ಕಳಕೊಂಡಾಳೇನು ಅಂತ ಕೇಳ್ತಾರ ಮಂದಿ."

"ಕೇಳ್ಲಿ ಬಿಡ್ರಿ."

"ನಿನಗೇನು, ಕ್ಯಾಂಪಿನಾಕಿ. ಇಲ್ಲಿ ಎಲ್ಲಾರೂ ಎಮ್ಮಿ ಕಳಕೊಂಡವ್ರ."

ಎದುರಿಗೆ ಕೃಷಿ ಕಾಲೇಜಿನ ಇಬ್ಬರು ಮೇಷ್ಟ್ರುಗಳು ಕೈ ಬೀಸುತ್ತ ದಾಟಿಹೋದರು. ಸುಗಲಮ್ಮ ಅದೇ ಕಾಲೇಜಿನ ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಸಹಾಯಕಿ. ಅವರು ಅವಳಿಗೆ ತಲೆ ಆಡಿಸಿದರು. ಅವಳೂ ಆಡಿಸಿದಳು. ಮೊದಲನೆಯ ಕಲ್ಲು ಬಂತು. ಆರು ಗಂಟೆ ಇಪ್ಪತ್ತೈದು ನಿಮಿಷ. ಇಲ್ಲಿಂದ ತಿರುಗಬೇಕಾಗಿತ್ತು.

ತಿರುಗಲಿಲ್ಲ.

ಮಲ್ಲಿಕಮ್ಮ ತಿಂಥಣಿಯಾಚೆಯ ಹೊಳೆದಂಡೆಯ ಊರಿನಿಂದ ಬಂದದ್ದು ಭಾನುವಾರ ಮಧ್ಯಾಹ್ನ. ಕಂಕುಳಲ್ಲಿ ಒಂದು ಫೈಲು. ಯಾದಗಿರಿಯ ದವಾಖಾನೆಗಳಲ್ಲಿ ಒಂದು ವರ್ಷ ತಿರುಗಿದ ಕಾಗದಗಳೆಲ್ಲ ಅದರಲ್ಲಿದ್ದವು. ಸುಗಲಮ್ಮ ಒಂದೊಂದನ್ನೂ ತೆಗೆದು ಓದಿದಳು. ರಕ್ತ ನಾರ್ಮಲ್, ಎಕ್ಸ್‌ರೇ ನಾರ್ಮಲ್, ಥೈರಾಯ್ಡ್ ನಾರ್ಮಲ್. ಕೊನೆಯ ಚೀಟಿಯಲ್ಲಿ ಯಾವನೋ ಹೊಸ ಡಾಕ್ಟರು ಮೈಯೆಲ್ಲ ನೋಯುವ ಈ ಬೇನೆಗೆ ಫೈಬ್ರೊಮಯಾಲ್ಜಿಯ ಎಂದು ಬರೆದು, ಪಕ್ಕದಲ್ಲಿ ಪ್ರಶ್ನೆಯ ಚಿಹ್ನೆ ಹಾಕಿದ್ದ. ಸುಗಲಮ್ಮ ಆ ಚೀಟಿಯನ್ನು ಎರಡು ಸಲ ಓದಿದಳು. ಅವಳಿಗಾದದ್ದು ಸಂತೋಷ.

"ನಿನಗೂ ಇದ ಅಂತಲ್ಲ," ಎಂದಿದ್ದಳು ಮಲ್ಲಿಕಮ್ಮ. "ಹೆಂಗ ಆರಾಮಾದಿ, ಅದರ ಹೇಳು. ಮೈತುಂಬ ಯಾರೋ ಒನಕಿಲೆ ಕುಟ್ಟಿದಂಗ ಆಗ್ತದ. ಸೆರಗು ತಾಗಿದ್ರ ತಡಿಯಾಕ ಆಗಂಗಿಲ್ಲ."

ಇದೇ ಮಾತನ್ನು ಸುಗಲಮ್ಮ ಇವಳಿಗೆ ಹೇಳಿದ್ದಳು, ಏಳು ವರ್ಷದ ಹಿಂದೆ, ಆ ಊರಿನ ಮನೆಯಲ್ಲಿ. ಆಗ ಅವಳು ಬಿ.ಎಸ್ಸಿ. ಮುಗಿಸಿ ಮದುವೆಯಾಗಿ ಹೋದವಳು, ಒಂದು ಮಗುವಿನ ತಾಯಿ. ಹತ್ತಿ ಬಿಡಿಸಲು ಕೈ ಏಳುತ್ತಿರಲಿಲ್ಲ. ರೊಟ್ಟಿ ಬಡಿಯಲು ಕೂತರೆ ಮೂರನೆಯದಕ್ಕೆ ಮುಂಗೈ ಸೋಲುತ್ತಿತ್ತು. ಮಲ್ಲಿಕಮ್ಮ ಕೇಳಿಸಿಕೊಂಡು, ಅತ್ತೆಯ ಜೊತೆ ಮಾತಾಡಿ, ಅಮಾತೆಪ್ಪನನ್ನು ಕರೆಸಿದಳು. ಅವನು ದನಕ್ಕೂ ಮನುಷ್ಯರಿಗೂ ಬರೆ ಹಾಕುವವನು. ೨೦೦೭ರ ಮೇ ೬, ಭಾನುವಾರ. ಹಿತ್ತಲಲ್ಲಿ ಕುಳ್ಳಿನ ಕೆಂಡ, ಕೆಂಡದಲ್ಲಿ ಕಬ್ಬಿಣದ ಸಳಿ. ನೋಡಲು ಬಂದವರು ಹನ್ನೊಂದು ಜನ. ಸುಗಲಮ್ಮನ ಎರಡೂ ಮುಂಗೈಗಳನ್ನು ಮಲ್ಲಿಕಮ್ಮ ಹಿಡಿದುಕೊಂಡು, ತೊಡೆಯ ಮೇಲೆ ಮೊಣಕಾಲು ಊರಿ ಕೂತಿದ್ದಳು.

"ಎಂಟು ಬರಿ," ಎಂದಿದ್ದ ಅಮಾತೆಪ್ಪ. "ಖರೇ ಬ್ಯಾನಿ ಇದ್ರ ಬೆಂಕಿಗಿ ಹೋಗ್ತದ. ನಾಟಕ ಇದ್ರ ಅಂಜಿಕಿಗಿ ಹೋಗ್ತದ. ಹೆಂಗಾದ್ರೂ ಹೋಗ್ತದ."

ಬೆನ್ನಿನ ಮೇಲೆ ನಾಲ್ಕನೆಯದು ಬಿದ್ದಾಗ ಸುಗಲಮ್ಮ "ಹೋತು, ಬ್ಯಾನಿ ಹೋತು" ಎಂದು ಕೂಗಿದಳು. ಎದ್ದು ನಿಂತು ತೋರಿಸು ಎಂದರು, ನಿಂತು ತೋರಿಸಿದಳು. ಆ ಸಂಜೆ ಇಪ್ಪತ್ತು ರೊಟ್ಟಿ ಬಡಿದಳು. ಅರವತ್ತೊಂದು ದಿನ ಹೀಗೆ ನಡೆಯಿತು. ಅರವತ್ತೆರಡನೆಯ ದಿನ ಹೊಲದ ಬದುವಿನಲ್ಲಿ ಬಿದ್ದವಳು ಏಳಲಿಲ್ಲ. ಜನರ ನಡುವೆ ನಿಂತು ಮಲ್ಲಿಕಮ್ಮ ಹೇಳಿದಳು, "ಬರಿ ಹಾಕಿದಾಗ ಹೋದದ್ದು ಮತ್ತ ಎಲ್ಲಿಂದ ಬಂತು? ಮೈಗಳ್ಳಿ." ಆ ಹೆಸರು ಊರಿನಲ್ಲಿ ನಿಂತಿತು. ಅಂಗನವಾಡಿಗೆ ಹೋಗುವ ಮಗಳನ್ನೂ ಮೈಗಳ್ಳಿಯ ಮಗಳೆಂದು ಕರೆದರು. ಗಂಡ ಬಸವಂತ್ರಾಯ ಕಾಲುವೆ ಕಚೇರಿಯ ಗುಮಾಸ್ತಿಕೆ ಸಿಕ್ಕ ತಕ್ಷಣ ಹೆಂಡತಿ ಮಗಳನ್ನು ಕರೆದುಕೊಂಡು ಕ್ಯಾಂಪಿಗೆ ಬಂದುಬಿಟ್ಟ. ಗಂಡನಿಗೂ ಸುಗಲಮ್ಮ ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ಬರೆ ಹಾಕಿದ ದಿನ ಅವಳನ್ನು ಬೆಂಕಿಗಿಂತ ಹೆಚ್ಚು ಸುಟ್ಟದ್ದು ತನ್ನ ಬಾಯಿಂದ ಬಂದ ಆ ಸುಳ್ಳು.

ಆಮೇಲೆ ಕಲಬುರಗಿಯ ಡಾಕ್ಟರೊಬ್ಬರು ರೋಗಕ್ಕೆ ಹೆಸರು ಹೇಳಿದರು. "ಯಾವ ಪರೀಕ್ಷೆಯಲ್ಲೂ ಕಾಣೋದಿಲ್ಲ, ಆದರೆ ಇದೆ" ಎಂದರು. ಸುಗಲಮ್ಮ ಅಲ್ಲೇ ಅತ್ತಳು. ರಾತ್ರಿಗೊಂದು ಸಣ್ಣ ಗುಳಿಗೆ ಕೊಟ್ಟರು. ಉಳಿದದ್ದೆಲ್ಲ ನೀವೇ ಮಾಡಿಕೊಳ್ಳಬೇಕು ಎಂದರು. ಒಂದೇ ಹೊತ್ತಿಗೆ ಮಲಗುವುದು, ಒಂದೇ ಹೊತ್ತಿಗೆ ಏಳುವುದು. ಬಿಸಿ ಶಾಖ. ಉಸಿರಾಟ. ನಡಿಗೆ, ಮೊದಲಿಗೆ ಐದೇ ನಿಮಿಷ, ಮೈ ಹಗುರಾಗಿದೆ ಅನ್ನಿಸಿದ ದಿನವೂ ಐದೇ ನಿಮಿಷ. ಅವಳು ಕೇಳಲಿಲ್ಲ. ಮೊದಲ ದಿನವೇ ಹುರುಪಿನಲ್ಲಿ ಹತ್ತು ಕಲ್ಲು ನಡೆದಳು. ಆ ದಿನ ಏನೂ ಆಗಲಿಲ್ಲ, ಮರುದಿನವೂ ಆಗಲಿಲ್ಲ. ಮೂರನೆಯ ಬೆಳಿಗ್ಗೆ ಹಾಸಿಗೆಯಲ್ಲಿ ಮಗ್ಗುಲಾಗಲೂ ಆಗಲಿಲ್ಲ. ಒಂಬತ್ತು ದಿನ ಮಲಗಿದ್ದಳು. ಎದ್ದ ಮೇಲೆ ಮೂರು ತಿಂಗಳು ಕಾಲುವೆಯ ಕಡೆ ನೋಡಲೂ ಹೆದರಿಕೆ. ಅಂದಿನಿಂದ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದಳು: ಎಷ್ಟು ಮೀಟರ್, ಎಷ್ಟು ತಾಸು ನಿದ್ದೆ, ಹತ್ತಕ್ಕೆ ಎಷ್ಟು ನೋವು. ಈಗ ಆರನೆಯ ನೋಟ್‌ಬುಕ್ಕು.

ಹಾಗಾಗಿ ಗುರುವಾರ ಬೆಳಿಗ್ಗೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಲ್ಲಿಕಮ್ಮ ಏಳಲಾಗದೆ ನರಳುವಾಗ ತಾನು ಹೇಗಾದರೂ ಎದ್ದುಹೋಗಿ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳುವುದು: "ನಾಟಕ ಸಾಕು, ಏಳ್ರಿ." ಇಷ್ಟಕ್ಕಾಗಿ ಏಳು ವರ್ಷ ಕಾದದ್ದು. ಹೀಗೆ ಒಮ್ಮೆ ಬಿದ್ದವರು ಮತ್ತೆ ನಡೆಯಲು ಹೆದರುತ್ತಾರೆ, ಹೆದರಿ ಕೂತವರ ಮೈ ಇನ್ನಷ್ಟು ಬಿಗಿಯುತ್ತದೆ, ಆ ಮೇಲೆ ಯಾರ ಮಾತನ್ನೂ ನಂಬುವುದಿಲ್ಲ. ಇದೂ ಅವಳಿಗೆ ಗೊತ್ತಿತ್ತು. ತನ್ನ ಮೈಗೂ ಅದು ಬರುತ್ತದೆಂದು ಗೊತ್ತಿದ್ದರಿಂದ ಸೋಮವಾರವೇ ಕಚೇರಿಯಲ್ಲಿ ಗುರುವಾರ, ಶುಕ್ರವಾರಕ್ಕೆ ರಜೆ ಬರೆದುಕೊಟ್ಟಿದ್ದಳು.

ನಾಲ್ಕನೆಯ ಕಲ್ಲಿನ ಹೊತ್ತಿಗೆ ಮಲ್ಲಿಕಮ್ಮನ ಹೆಜ್ಜೆ ಹಗುರಾಯಿತು. ಕಟ್ಟೆ ಹಿಡಿದು ಏರಿದವಳು ಈಗ ಸೆರಗು ಸಿಕ್ಕಿಸಿ, ಕೈ ಬಿಟ್ಟು ನಡೆಯುತ್ತಿದ್ದಳು.

"ಖರೇನ ಸಡಲ ಆತು ನೋಡ! ಆ ಗುಳಿಗಿ ನುಂಗಿ ನುಂಗಿ ಹೊಟ್ಟಿ ಕೆಡಿಸ್ಕೊಂಡ್ನಿ. ನಡಿಯೋದ್ರಾಗ ಇಷ್ಟು ಅದ ಅಂತ ಯಾವ ದಾಕ್ತರಾ ಹೇಳಲಿಲ್ಲ."

"ಮತ್ತೇನೇನ ಮಾಡಬೇಕು, ನೆಪ್ಪದ ಏನ್ರಿ?"

"ಒಂಬತ್ತೂವರಿಗಿ ಮಲಗಬೇಕು. ಉಪ್ಪು ಹುರದು ಗಂಟು ಕಟ್ಟಿ ಶಾಖ ಕೊಡಬೇಕು. ಉಸರು ನಾಕು ಎಣಿಸಿ ಒಳಗ, ಆರು ಎಣಿಸಿ ಹೊರಗ. ನಾಕರ ಮ್ಯಾಲ ಚಾ ಕುಡಿಬಾರದು." ಅವಳು ನಿಂತು ಸುಗಲಮ್ಮನ ಮುಖ ನೋಡಿದಳು. "ಚಾ ಬಿಡೋದೊಂದು ಬಿಟ್ಟು ಬ್ಯಾರೆ ಏನರ ಹೇಳು ಯವ್ವಾ. ಜೀವಾನ ಬಿಡು ಅಂದಂಗ ಆಗ್ತದ."

ಎಲ್ಲವನ್ನೂ ಸರಿಯಾಗಿಯೇ ಕಲಿತಿದ್ದಳು. ಹೇಳಿಕೊಟ್ಟದ್ದರಲ್ಲಿ ಸುಗಲಮ್ಮ ಒಂದನ್ನೂ ತಪ್ಪಿಸಿರಲಿಲ್ಲ. ಹಿಂದಿನ ದಿನ ಶರೀಫಾಬೀಯನ್ನೂ ಕರೆಸಿದ್ದಳು. ಪಕ್ಕದ ಕ್ವಾರ್ಟರ್ಸಿನ ಆ ಮುದುಕಿ ಬಾಣಂತಿಯರಿಗೆ ಎಣ್ಣೆ ಹಚ್ಚಿ ಎರೆಯುವವಳು. ಸುರಪುರದ ಹಕೀಮರಿಂದ ತಂದ ಎಣ್ಣೆಯಿಂದ ವಾರಕ್ಕೊಮ್ಮೆ ಸುಗಲಮ್ಮನ ಮೈ ತಿಕ್ಕುವವಳೂ ಅವಳೇ. ಮಲ್ಲಿಕಮ್ಮ ಕೈಕಾಲು ಚಾಚಿ ಕೂತಳು, ಕುಪ್ಪಸ ಮಾತ್ರ ಬಿಚ್ಚಲಿಲ್ಲ.

"ಅರೆ, ಮಾತು ನೋಡಿದ್ರ ಇಷ್ಟು ಖಡಕ್, ಮೈ ಬಿಚ್ಚಾಕ ಶರಮ್ಮೇನು?" ಎಂದಿದ್ದಳು ಶರೀಫಾಬೀ. "ನಾ ನೂರು ಬಾಣಂತೇರಿಗಿ ಎರದಾಕಿ. ನಿನ್ನ ಬೆನ್ನಾಗ ಬಂಗಾರ ಅದ ಏನು?"

"ಕೈಕಾಲಿಗಿ ಹಚ್ಚಬೇ, ಸಾಕು."

ಹೋಗುವಾಗ ಶರೀಫಾಬೀ ಬಾಗಿಲಲ್ಲಿ ನಿಂತು ಸುಗಲಮ್ಮನಿಗೆ ಹೇಳಿದಳು, "ನಾಳಿ ಕಾಲವಿಗಿ ಕರ್ಕೊಂಡು ಹೊಂಟಿ ಏನು? ಐದ ನಿಮಿಷ ನೋಡ. ನೀ ಮೊದ್ಲ ಸಲ ಹೋಗಿ ಬಿದ್ದದ್ದು ನೆಪ್ಪಿರ್ಲಿ."

"ನೆಪ್ಪದ ಬೇ," ಎಂದಿದ್ದಳು ಸುಗಲಮ್ಮ. ಅದೂ ಸುಳ್ಳಾಗಿರಲಿಲ್ಲ.

ಏಳನೆಯ ಕಲ್ಲಿನ ಹತ್ತಿರ ಹಿಂದಿನಿಂದ ಮೋಟರ್ ಸೈಕಲ್ಲಿನ ಸದ್ದು ಕೇಳಿತು. ಕಾಲುವೆಯ ತೂಬು ನೋಡಿಕೊಳ್ಳುವ ಸುಲ್ತಾನಸಾಬ. ಗಾಡಿ ನಿಲ್ಲಿಸಿ ಒಂದು ಕಾಲು ನೆಲಕ್ಕೆ ಊರಿದ.

"ಏನ್ರಿ ಬಾಯಾರ, ಇವತ್ತ ಜೋಡಿ ಹೊಂಟೀರಿ? ಅಕ್ಕಾರ ಮುಖ ಕೆಂಪಾಗ್ಯದ. ಕುಂದರ್ಸ್ರಿ ಹಿಂದ, ಮುಂದಿನ ತೂಬಿನ ತನಕ ಬಿಡ್ತೀನಿ. ಅಲ್ಲಿಂದ ನಾ ಡಾಂಬರ್ ರೋಡ ಹಿಡದು ಕ್ಯಾಂಪಿಗೇ ಹೋಗಾಂವ. ಮನಿ ಮುಂದ ಇಳಸ್ತೀನಿ."

ಮಲ್ಲಿಕಮ್ಮ ಗಾಡಿಯನ್ನು ನೋಡಿದಳು, ಆಮೇಲೆ ಸುಗಲಮ್ಮನನ್ನು. ಕೂರುವ ಆಸೆ ಅವಳ ಮುಖದಲ್ಲಿತ್ತು.

"ನಡೀಬೇಕಂತ ಹೇಳ್ಯಾರ್ರಿ, ಸಾಬ್ರ," ಎಂದಳು ಸುಗಲಮ್ಮ.

"ಹೌದಪಾ, ನಡೀಬೇಕಂತ. ಈಕಿ ಹಂಗ ನಡದ ಆರಾಮ ಆಗ್ಯಾಳ," ಎಂದಳು ಮಲ್ಲಿಕಮ್ಮ. ಆ ಮಾತಿನಲ್ಲಿ ಹೆಮ್ಮೆಯಿತ್ತು. ಸುಲ್ತಾನಸಾಬ ಮುಂದೆ ಹೋದ. ಅವನೆಬ್ಬಿಸಿದ ಕೆಂಧೂಳು ಕಾಲುವೆಯ ನೀರಿನ ಮೇಲೆ ಬಿದ್ದು ಹರಿದುಹೋಯಿತು. ಇನ್ನು ಈ ದಾರಿಯಲ್ಲಿ ಅವನು ಮರಳುವುದಿಲ್ಲ. ಮೊಬೈಲನ್ನು ಸುಗಲಮ್ಮ ಬೇಕೆಂದೇ ಅಡುಗೆಮನೆಯ ಗೂಡಿನಲ್ಲಿ ಬಿಟ್ಟುಬಂದಿದ್ದಳು.

ಎಂಟನೆಯ ಕಲ್ಲು ದಾಟುವಾಗ ಅವಳ ಪಾದ ತಾನಾಗಿ ತಡೆಯಿತು. ಅದನ್ನು ಮೀರಿ ಮುಂದಿಟ್ಟಳು. ಹತ್ತನೆಯ ಕಲ್ಲಿನ ಹೊತ್ತಿಗೆ ಸೊಂಟದ ಬಲಗಡೆ ಪರಿಚಿತವಾದ ನೋವು ಎದ್ದಿತು. ಹತ್ತಕ್ಕೆ ನಾಲ್ಕು ಎಂದು ಮನಸ್ಸಿನಲ್ಲೇ ಬರೆದುಕೊಂಡಳು. ಪಕ್ಕದಲ್ಲಿ ಮಲ್ಲಿಕಮ್ಮನ ಉಸಿರು ಮತ್ತೆ ಭಾರವಾಗುತ್ತಿತ್ತು. ಅದನ್ನು ಕೇಳುತ್ತ ನಡೆಯುವುದು ಸುಗಲಮ್ಮನಿಗೆ ಹಿತವಾಗಿತ್ತು.

"ನಿನಗೊಂದು ಹೇಳ್ತೀನಿ, ನಗಬ್ಯಾಡ," ಎಂದಳು ಮಲ್ಲಿಕಮ್ಮ. "ನಮ್ಮ ಸೊಸಿ ಹಣಮಮ್ಮ, ಮನಿಗಿ ಬಂದು ಎಂಟು ತಿಂಗಳಾಗಿಲ್ಲ, ನೀರಿನ ಕಟ್ಟಿ ಮ್ಯಾಲ ನಿಂತು ಏನಂದಾಳ ಗೊತ್ತದ? 'ನಮ್ಮತ್ತಿ ಮೈಗಳ್ಳಿ, ಉಣ್ಣಾಗ ಯಾವ ಬ್ಯಾನೀನೂ ಇರಂಗಿಲ್ಲ' ಅಂದಾಳ. ನನಗ! ನಾಕು ಎಕರೆ ಶೇಂಗಾ ಒಬ್ಬಾಕೀನ ಕಿತ್ತಾಕಿಗೆ!"

ಸುಗಲಮ್ಮ ನಗಲಿಲ್ಲ. ಬೆಲ್ಲದ ಚೂರನ್ನು ದವಡೆಯಲ್ಲಿ ಇಟ್ಟುಕೊಂಡಂತೆ ಆ ಮಾತನ್ನು ಇಟ್ಟುಕೊಂಡು ಎರಡು ಕಲ್ಲು ನಡೆದಳು.

"ಅದಕ್ಕ ಬಂದೀನಿ," ಮಲ್ಲಿಕಮ್ಮ ಮುಂದುವರಿಸಿದಳು. "ಆರಾಮಾಗಿ ಹೋಗಿ, ಆಕಿ ಮುಂದ ಕುಂತು ಐವತ್ತು ರೊಟ್ಟಿ ಬಡೀಬೇಕು. ಒಂದ ಸಲ. ಆಮ್ಯಾಲ ಸತ್ರೂ ಚಿಂತಿಲ್ಲ."

ಹನ್ನೆರಡನೆಯ ಕಲ್ಲಿಗೆ ಅವಳ ಹೆಜ್ಜೆ ಎಳೆಯತೊಡಗಿತು. ಹದಿಮೂರಕ್ಕೆ ಎಡಗಾಲು ಮೊರಂ ಕೆರೆಯುತ್ತ ಬಂತು. ಹದಿನಾಲ್ಕನೆಯ ಕಲ್ಲು ಕಂಡದ್ದೇ ಹೋಗಿ ಅದರ ಮೇಲೆ ಕೂತುಬಿಟ್ಟಳು.

"ಇನ್ನೊಂದ ಕಲ್ಲು, ಅಕ್ಕಾರ."

"ತಡಿ ಸುಗಲಾ. ಬೆನ್ನು ಉರೀತದ. ಬ್ಯಾನಿ ಅಲ್ಲ, ಇದು ಬ್ಯಾರೆ. ಬೆವತು ಅಂಟ್ಯದ." ಅವಳು ಆ ಕಡೆ ಈ ಕಡೆ ನೋಡಿದಳು. ದಂಡೆಯ ಮೇಲೆ ಯಾರೂ ಇರಲಿಲ್ಲ. ದೂರದಲ್ಲಿ ಭತ್ತದ ಗದ್ದೆಯಲ್ಲಿ ಬೆಳ್ಳಕ್ಕಿಗಳಿದ್ದವು ಅಷ್ಟೇ. "ಯಾರಿಗಿ ಹೇಳಬ್ಯಾಡ. ಸೊಲ್ಪ ನೋಡು, ಒಡದಾವೇನೋ."

ಮುಂದಿನ ಗಂಟು ಬಿಚ್ಚಿ, ಕುಪ್ಪಸವನ್ನು ಹೆಗಲಿಂದ ಕೆಳಗೆ ಜಾರಿಸಿ, ಬೆನ್ನು ತಿರುಗಿಸಿ ಕೂತಳು.

ಎಣಿಸುವುದು ಸುಗಲಮ್ಮನ ಅಭ್ಯಾಸ. ಕುತ್ತಿಗೆಯ ಬುಡದಲ್ಲಿ ಎರಡು, ರೆಕ್ಕೆಯ ಎಲುಬುಗಳ ನಡುವೆ ನಾಲ್ಕು, ಅವುಗಳ ಕೆಳಗೆ ಎರಡು. ಒಟ್ಟು ಎಂಟು ಬರೆ. ಪ್ರತಿಯೊಂದೂ ಬೆರಳಿನ ಅಗಲ. ಎರಡು ಇನ್ನೂ ಮಾಗಿರಲಿಲ್ಲ. ಚಕ್ಕೆ ಎದ್ದು ನೀರು ಒಸರುತ್ತಿತ್ತು.

"ಯಾರು ಹಾಕಿದ್ರು?"

"ಅಂವನ, ಅಮಾತೆಪ್ಪ. ದೀವಳಿಗಿ ಆದ ಮರುದಿನ. ಕಣ್ಣು ಮಂಜ ಆಗ್ಯಾವ ಅವಗ, ಸಾಲು ತಪ್ಪಿಸ್ಯಾನ."

"ನೀವ ಕರಿಸಿದ್ರಿ?"

"ನಾನ. ಮತ್ಯಾರು ಕರಸ್ತಾರ?"

"ಕೈ ಯಾರು ಹಿಡದಿದ್ರು?"

"ಯಾರು ಹಿಡೀತಾರ? ಹಣಮಿ ನೀರಿಗಿ ಹೋಗಿದ್ಲು. ಮನಿಯಾಗ ಯಾರೂ ಇದ್ದಿಲ್ಲ. ದನದ ಮನಿ ಕಂಬ ತಬ್ಕೊಂಡು ಕುಂತ್ನಿ." ಮಲ್ಲಿಕಮ್ಮ ಕಾಲುವೆಯ ಕಡೆ ಮುಖ ಮಾಡಿಯೇ ಮಾತಾಡುತ್ತಿದ್ದಳು. "ನಿನಗ ನಾಕಕ್ಕ ಹೋಗಿತ್ತಲ್ಲ. ನನಗೂ ನಾಕಕ್ಕ ಹೋಗ್ತದ ಅಂದ್ಕೊಂಡ್ನಿ. ಹೋಗಲಿಲ್ಲ. ಐದಕ್ಕ ಹೋಗ್ತದ, ಆರಕ್ಕ ಹೋಗ್ತದ ಅಂತ ಕಾಯ್ದ್ನಿ. ಎಂಟೂ ಆತು. ಸಾಕು ಅಂದ ಅಂವ. ಇನ್ನೆರಡು ಹಾಕು ಅಂದ್ನಿ ನಾ. ಒಲ್ಲೆಂದ." ಕುಪ್ಪಸವನ್ನು ಎದೆಗೆ ಒತ್ತಿಕೊಂಡಳು. "ನನಗ ಯಾಕ ಹೋಗಲಿಲ್ಲ ಸುಗಲಾ? ನೀ ಕಲತಾಕಿ, ನಿನಗರ ಗೊತ್ತಿರಬೇಕು."

ಗುರುವಾರಕ್ಕೆಂದು ಕಾದಿರಿಸಿದ ಮಾತು ಸುಗಲಮ್ಮನ ಬಾಯಲ್ಲೇ ಇತ್ತು. ಈಗಲೇ ಹೇಳಿಬಿಡಬಹುದಿತ್ತು. ಆ ಬೆನ್ನನ್ನು ಬಿಟ್ಟು ಬೇರೆಲ್ಲಾದರೂ ನೋಡಲು ಪ್ರಯತ್ನಿಸಿದಳು. ಆಗಲಿಲ್ಲ.

"ನನಗೂ ಹೋಗಿದ್ದಿಲ್ಲ," ಎಂದಳು.

"ಆಂ?"

"ಅವತ್ತ ನನಗೂ ಬ್ಯಾನಿ ಹೋಗಿದ್ದಿಲ್ಲ ಯಕ್ಕಾ."

ಮಲ್ಲಿಕಮ್ಮ ಕುಪ್ಪಸವನ್ನು ಎದೆಗೆ ಒತ್ತಿಕೊಂಡ ಹಾಗೆಯೇ ಪೂರಾ ತಿರುಗಿ ಕೂತಳು. "ಹೋತಂದಿ. ಹತ್ತು ಮಂದಿ ಮುಂದ ಹೋತಂದಿ. ಎದ್ದು ನಿಂತಿ. ಸಂಜೀಕ ರೊಟ್ಟಿ ಬಡದಿ."

"ಇನ್ನಾ ನಾಕು ಉಳದಿದ್ದವು."

ಕಾಲುವೆಯಲ್ಲಿ ಒಂದು ಜಾಲಿಯ ಕೊಂಬೆ ತೇಲಿ ಬಂದು, ಒಡೆದ ಚಪ್ಪಡಿಗೆ ಸಿಕ್ಕಿ ಅಲ್ಲೇ ಸುತ್ತತೊಡಗಿತು.

"ಸುಳ್ಳಿ!" ಎಂದಳು ಮಲ್ಲಿಕಮ್ಮ. ದನಿ ಏರಿತು. "ನಿನ್ನ ಬಾಯಿಗಿ ಮಣ್ಣ ಬೀಳ್ಳಿ. ನಿನ್ನ ಒಂದ ಮಾತು ನಂಬಿ ನಾ ಬೆನ್ನು ಸುಟ್ಕೊಂಡ್ನಲ್ಲ!"

"ನನ್ನ ಕೈ ಹಿಡದಾಕಿ ನೀ."

"ಹೌದು, ಹಿಡದಿದ್ನಿ. ಆರಾಮಾಗ್ಲಿ ಅಂತ ಹಿಡದಿದ್ನಿ."

"ಮೈಗಳ್ಳಿ ಅಂದಾಕೀನೂ ನೀನ."

"ಮತ್ತೇನನ್ನಬೇಕಿತ್ತು? ಬೆಂಕಿಗಿ ಹೋದ ಬ್ಯಾನಿ ತಿರಗಿ ಬಂತಂದ್ರ ಏನಂತ ತಿಳಕೋಬೇಕು? ಹೋಗ್ಯದ ಅಂತ ನೀನ ಹೇಳಿದ್ದಿ!"

ಸುಗಲಮ್ಮ ಆ ತರ್ಕದಲ್ಲಿ ತಪ್ಪು ಹುಡುಕಿದಳು. ಪ್ರಯೋಗಾಲಯದಲ್ಲಿ ದಿನಕ್ಕೆ ಹತ್ತು ಬಾರಿ ಮಾಡುವ ಕೆಲಸ ಅದು. ತಪ್ಪು ಸಿಗಲಿಲ್ಲ. ತಪ್ಪಿದ್ದದ್ದು ಲೆಕ್ಕದ ಮೊದಲ ಅಂಕಿಯಲ್ಲಿ, ಅದನ್ನು ಕೊಟ್ಟವಳು ತಾನು. ಆದರೂ ಸಿಟ್ಟು ಇಳಿಯಲಿಲ್ಲ. ಮುಂಗೈಗಳ ಮೇಲೆ ಬಿದ್ದಿದ್ದ ಆ ಬಿಗಿ ಹಿಡಿತಕ್ಕೆ ಯಾವ ತರ್ಕವೂ ಉತ್ತರವಾಗಿರಲಿಲ್ಲ.

ಮಲ್ಲಿಕಮ್ಮ ಬಂದ ದಾರಿಯ ಕಡೆ ನೋಡಿದಳು. ಸೇತುವೆ ಕಾಣುತ್ತಿರಲಿಲ್ಲ. ಕ್ಯಾಂಪಿನ ನೀರಿನ ಟಾಕಿ ಕಡ್ಡಿಪೆಟ್ಟಿಗೆಯಷ್ಟಾಗಿ ಕಾಣುತ್ತಿತ್ತು.

"ಎಷ್ಟೊತ್ತು ನಡದೀವಿ?"

ಸುಗಲಮ್ಮ ಗಡಿಯಾರ ನೋಡಿದಳು. "ಒಂದು ತಾಸು ಹತ್ತು ನಿಮಿಷ."

"ನಿನ್ನಿ ಆ ಮುದುಕಿ ಐದು ನಿಮಿಷ ಅಂದದ್ದು ನನಗ ಕೇಳಿತ್ತು." ಮಲ್ಲಿಕಮ್ಮ ನಿಧಾನವಾಗಿ ಹೇಳಿದಳು. "ನಾ ತಿಳ್ಕೊಂಡ್ನಿ, ನನ್ನ ಮೈ ಗಟ್ಟಿ ಅದ, ಹೊಲದಾಗ ದುಡದ ಮೈ, ಅದಕ್ಕ ನನಗ ಹೆಚ್ಚು ನಡಸಾಕತ್ತಾಳ, ಜಲ್ದಿ ಆರಾಮಾಗ್ಲಿ ಅಂತ."

ಸುಗಲಮ್ಮ ಗಡಿಯಾರದ ಪಟ್ಟಿ ಸರಿಮಾಡಿಕೊಂಡಳು.

"ಹಂಗಲ್ಲ, ಹೌದಲ್ಲೋ?"

"ಹಂಗಲ್ಲ."

"ಏನಾಗ್ತದ ಈಗ ನನಗ?"

"ಇವತ್ತೇನಾಗಂಗಿಲ್ಲ. ನಾಳಿನೂ ಇಲ್ಲ. ಗುರುವಾರ ಏಳಾಕ ಬರಂಗಿಲ್ಲ. ಎಂಟು ದಿನ, ಹತ್ತು ದಿನ."

"ನಿನಗ?"

"ನನಗೂ ಹಂಗ. ನಾಕೈದು ದಿನ ಕಮ್ಮಿ ಇರಬೌದು."

ಮಲ್ಲಿಕಮ್ಮ ಅವಳನ್ನೇ ನೋಡಿದಳು. ಕಣ್ಣು ಕಿರಿದಾಯಿತು. "ಗುರುವಾರ ರಜಾ ಹಾಕಿದಿ ಅಂತ ಮೈದುನ ಹೇಳಿದ್ದ. ನನ್ನ ದವಾಖಾನಿಗಿ ಕರ್ಕೊಂಡು ಹೋಗಾಕ ಹಾಕ್ಯಾಳ ಅಂದ್ಕೊಂಡಿದ್ನಿ." ಗಂಟಲಿನಿಂದ ಒಂದು ಸದ್ದು ಹೊರಬಿತ್ತು, ನಗೆಯಂಥದ್ದು. "ಅರ್ಜಿ ಕೊಟ್ಟು, ರಜಾ ಹಾಕಿ ಹಗಿ ತೀರಿಸ್ಕೊಳ್ಳಾಕೀನ ನಾ ನಿನ್ನ ಬಿಟ್ರ ಬ್ಯಾರೆ ಯಾರ್ನೂ ನೋಡಿಲ್ಲ ಬಿಡು."

ಸುಗಲಮ್ಮ ನಗಲಿಲ್ಲ. ಮಲ್ಲಿಕಮ್ಮನೂ ಬೇಗ ನಿಲ್ಲಿಸಿದಳು.

"ಬಸವಂತ್ರಾಯಗ ಫೋನ್ ಹಚ್ಚು. ಗಾಡಿ ತರ್ಲಿ."

"ತಂದಿಲ್ಲ."

"ಮರ್ತು ಬಂದಿ?"

"ಇಲ್ಲ."

ಬಿಸಿಲು ಏರಿ ಕಲ್ಲಿನ ನೆರಳು ಗಿಡ್ಡವಾಗುತ್ತಿತ್ತು. ಒಸರುವ ಗಾಯಗಳಿಗೆ ನೊಣ ಬಂದು ಮಲ್ಲಿಕಮ್ಮನ ಹೆಗಲ ಮೇಲೆ ಕೂತಿತು. ಸುಗಲಮ್ಮ ಅದನ್ನು ಓಡಿಸಿದಳು, ಮತ್ತೆ ಬಂತು. ಪಕ್ಕದಲ್ಲೇ ಕಾಲುವೆ ತುಂಬಿ ಹರಿಯುತ್ತಿತ್ತು, ಆದರೆ ಆ ನೀರಿನಲ್ಲಿ ಏನೇನಿದೆಯೆಂದು ಅವಳಿಗೆ ಗೊತ್ತಿತ್ತು. ಚೀಲದಿಂದ ತನ್ನ ಬಾಟಲಿ ತೆಗೆದಳು. ಕಾಯಿಸಿ ಆರಿಸಿದ ನೀರು, ಅರ್ಧಕ್ಕಿಂತ ಸ್ವಲ್ಪ ಹೆಚ್ಚಿತ್ತು. ಮರಳಿ ಹೋಗುವಾಗ ಕುಡಿಯಲು ಇದ್ದದ್ದು ಅಷ್ಟೇ.

"ತಿರಗು," ಎಂದಳು.

"ಏನ ಮಾಡ್ತಿ?"

"ತಿರಗು ಅಂದ್ನಿ."

ಮಲ್ಲಿಕಮ್ಮ ತಿರುಗಿ ಕೂತಳು. ನೀರು ಬಿದ್ದಾಗ ಬೆನ್ನು ಒಮ್ಮೆ ಎಳೆದುಕೊಂಡಿತು. ಸುಗಲಮ್ಮ ಮೆತ್ತಗೆ ಹಾಕಲಿಲ್ಲ, ಬಿರುಸಾಗಿಯೂ ಹಾಕಲಿಲ್ಲ. ಮೊದಲು ಮೇಲಿನ ಗಾಯ, ಆಮೇಲೆ ಕೆಳಗಿನದು. ಬಾಟಲಿ ಖಾಲಿಯಾದ ಮೇಲೆ ಒಗೆದ ಕರವಸ್ತ್ರ ಬಿಡಿಸಿ ಎರಡರ ಮೇಲೂ ಬರುವಂತೆ ಹಾಸಿ, ಕುಪ್ಪಸವನ್ನು ಅದರ ಮೇಲೆ ಎಳೆದಳು. ಮುಂದಿನ ಗಂಟು ಕಟ್ಟಿಕೊಳ್ಳಲು ಮಲ್ಲಿಕಮ್ಮನ ಬೆರಳುಗಳು ಬಗ್ಗಲಿಲ್ಲ. ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಸುಗಲಮ್ಮ ಎದುರಿಗೆ ಬಂದು, ಅವಳ ಮುಖ ನೋಡದೆ, ಗಂಟು ಕಟ್ಟಿದಳು.

ಕೊಂಬೆ ಚಪ್ಪಡಿಯಿಂದ ಬಿಡಿಸಿಕೊಂಡು ಮುಂದೆ ತೇಲಿಹೋಗಿತ್ತು. ಮಲ್ಲಿಕಮ್ಮ ಕಲ್ಲಿನ ಮೇಲೆ ಎರಡೂ ಕೈ ಊರಿದಳು. ಏಳಲಿಲ್ಲ.

"ಮನಿ ಎಷ್ಟು ದೂರ ಅದ ಇಲ್ಲಿಂದ?"

ಸುಗಲಮ್ಮ ಖಾಲಿ ಬಾಟಲಿಯ ಮುಚ್ಚಳ ತಿರುವಿ ಚೀಲಕ್ಕೆ ಹಾಕಿದಳು.

"ಸೇತುವಿ ತನಕ ಎರಡು ಕಿಲೋಮೀಟರ್ ಎಂಟುನೂರು ಮೀಟರ್."